ಪಾಸು ಕೊಟ್ಟಿದ್ದೀರಿ, ಅರ್ಧ ನಿಮಿಷವನ್ನೂ ಕೊಡಿ

ನಾನು 31 ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ನಿವೃತ್ತನಾಗಿ ಆರು ವರ್ಷವಾಯಿತು. ರಾಜ್ಯದ ನಾಲ್ಕು ಸಾರಿಗೆ ನಿಗಮಗಳಲ್ಲಿ ಯಾವುದರಲ್ಲಿದ್ದೆ, ಯಾವ ಡಿಪೊದಲ್ಲಿದ್ದೆ ಎಂದು ಇಲ್ಲಿ ಬರೆಯುವುದಿಲ್ಲ. ಮುಂದೆ ಹೇಳಲಿರುವ ತಪ್ಪು ಯಾವ ನಿಗಮದ್ದೂ ಅಲ್ಲ, ನನ್ನದು. ಈಗ ಅರಸೀಕೆರೆ ಸೀಮೆಯ ನಮ್ಮ ಹಳ್ಳಿಯಲ್ಲಿ ಅಪ್ಪ ಬಿಟ್ಟುಹೋದ ತೆಂಗಿನ ತೋಟ ನೋಡಿಕೊಂಡಿದ್ದೇನೆ. ಬಲಗಾಲಿನ ಮಂಡಿ ಸವೆದಿದೆ. ತಿಂಗಳಿಗೆ ಎರಡು ಸಲ ಡಾಕ್ಟರಿಗೆ ತೋರಿಸಲು ಹಾಸನಕ್ಕೆ ಹೋಗಿಬರುತ್ತೇನೆ. ಅಷ್ಟು ವರ್ಷ ಬಸ್ಸಿನ ಒಳಗಿನಿಂದ ಬಾಗಿಲನ್ನು ನೋಡಿದವನು ಈಗ ಕೈಯಲ್ಲಿ ಕೋಲು ಹಿಡಿದು ರಸ್ತೆಯಲ್ಲಿ ನಿಂತು ಅದೇ ಬಾಗಿಲನ್ನು ನೋಡುತ್ತಿದ್ದೇನೆ.

ಅರವತ್ತು ತುಂಬಿದವರಿಗೆ ನಮ್ಮ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದರದಲ್ಲಿ ಶೇ 25 ರಿಯಾಯಿತಿ ಇದೆ. ಸೇವೆಯಲ್ಲಿದ್ದಾಗ ಸಾವಿರಾರು ಜನರಿಗೆ ಆ ಟಿಕೆಟ್ ಹರಿದುಕೊಟ್ಟಿದ್ದೇನೆ. ಆದರೆ ನನಗಾಗಿ ಮೊದಲ ಸಲ ಕೇಳಬೇಕಾಗಿ ಬಂದಾಗ ಬಾಯಿ ಬರಲಿಲ್ಲ. ಕಂಡಕ್ಟರ್ ಇಪ್ಪತ್ತೈದರ ಹುಡುಗ. ಬಸ್ ತುಂಬಿತ್ತು. ಆಧಾರ್ ಕಾರ್ಡನ್ನು ಜೇಬಿನಿಂದ ಅರ್ಧ ಎಳೆದು ಹಾಗೇ ಒಳಗೆ ಇಟ್ಟು ಪೂರ್ತಿ ದುಡ್ಡು ಕೊಟ್ಟೆ. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಪಕ್ಕದಲ್ಲಿ ಕೂತಿದ್ದ ಬಾಣಾವರದ ಕಡೆಯ ಯಜಮಾನರೊಬ್ಬರು ಮಾತಿಗೆ ಸಿಕ್ಕರು. ಎಪ್ಪತ್ತೊಂದು ವರ್ಷ. ವಾರಕ್ಕೊಂದು ಸಲ ಮಗಳ ಮನೆಗೆ ಹೋಗುತ್ತಾರೆ. ಅವರ ಕೈಯಲ್ಲಿದ್ದದ್ದು ಪೂರ್ತಿ ದರದ ಟಿಕೆಟ್.

‘ಯಾಕ್ ಯಜಮಾನ್ರೇ, ಸೀನಿಯರ್ ಟಿಕೆಟ್ ಕೇಳ್ಲಿಲ್ವಾ?’ ಅಂದೆ.

‘ಅದು ಆಫೀಸ್ನಾಗೆ ಕಾರ್ಡ್ ಮಾಡುಸ್ಕಂಡೋರಿಗೆ ಅಲ್ವಾ ಸ್ವಾಮಿ? ನಮ್ಗೆಲ್ಲಿ’ ಅಂದರು.

ಹತ್ತು ವರ್ಷಕ್ಕೂ ಮೇಲೆ ಅವರು ಪ್ರತಿ ಟಿಕೆಟ್ಟಿಗೂ ನಾಲ್ಕರಲ್ಲಿ ಒಂದು ಪಾಲು ಹೆಚ್ಚಿಗೆ ಕೊಟ್ಟಿದ್ದಾರೆ. ರಾಜ್ಯದ ವಿಳಾಸವಿರುವ, ವಯಸ್ಸು ತೋರಿಸುವ ಸರ್ಕಾರಿ ಗುರುತಿನ ಚೀಟಿ ಒಂದಿದ್ದರೆ ಸಾಕು ಎಂದು ಯಾರೂ ಅವರಿಗೆ ಹೇಳಿಲ್ಲ. ಅಂಥವರಿಗೆ ಟಿಕೆಟ್ ಕೊಟ್ಟ ಕಂಡಕ್ಟರುಗಳಲ್ಲಿ ನಾನೂ ಒಬ್ಬ. ಕೇಳಿದವರಿಗೆ ಕೊಟ್ಟೆ, ಕೇಳದವರಿಗೆ ಕೊಡಲಿಲ್ಲ. ನಿಯಮದ ಪ್ರಕಾರ ಅದು ತಪ್ಪಲ್ಲ. ಆದರೆ ತಲೆ ಪೂರ್ತಿ ಬೆಳ್ಳಗಾದವರು ಎದುರಿಗೆ ಕೂತಿರುವಾಗ ‘ಅರವತ್ತು ಆಗಿದೆಯಾ, ಆಧಾರ್ ಇದೆಯಾ’ ಎಂದು ಕೇಳುವುದಕ್ಕೆ ಎಷ್ಟು ಹೊತ್ತು ಬೇಕು? ಅವತ್ತು ನಾನೇ ಕಂಡಕ್ಟರ್ ಹುಡುಗನನ್ನು ಕರೆದು, ಇಬ್ಬರ ಆಧಾರನ್ನೂ ತೋರಿಸಿದೆ. ಯಜಮಾನರ ಟಿಕೆಟ್ ಆಗಲೇ ಹೊಡೆದಾಗಿತ್ತು. ವಾಪಸ್ ಬರುವಾಗ ಕೇಳಿ ಎಂದು ಹೇಳಿಕೊಟ್ಟೆ.

ದುಡ್ಡಿನ ಲೆಕ್ಕ ಸಣ್ಣದಲ್ಲ. 2025ರ ಜನವರಿ 5ರಿಂದ ಬಸ್ ದರ ಶೇ 15ರಷ್ಟು ಏರಿದೆ. ನೂರು ರೂಪಾಯಿ ಇದ್ದ ಟಿಕೆಟ್ ನೂರಹದಿನೈದಾಯಿತು. ರಿಯಾಯಿತಿ ಕಳೆದು 75 ಕೊಡುತ್ತಿದ್ದ ಹಿರಿಯರು ಈಗ 86ಕ್ಕೂ ಮೇಲೆ ಕೊಡಬೇಕು. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ ಬರುವ 1,200 ರೂಪಾಯಿಯಲ್ಲಿ ಮಾತ್ರೆ, ಕಾಫಿಪುಡಿ, ಎಲೆ ಅಡಿಕೆ ಎಲ್ಲ ಆಗಬೇಕಾದವರಿಗೆ ಹನ್ನೊಂದು ರೂಪಾಯಿ ಅಂದರೆ ಹನ್ನೊಂದು ರೂಪಾಯಿಯೇ.

ನನ್ನ ಹೆಂಡತಿಗೆ ಈ ಲೆಕ್ಕವಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಅವಳಿಗೆ ಶೂನ್ಯ ಟಿಕೆಟ್. ತವರಿಗೆ, ಜಾತ್ರೆಗೆ, ಆಸ್ಪತ್ರೆಗೆ ಯಾರ ಮುಂದೆಯೂ ಕೈಯೊಡ್ಡದೆ ಹೋಗಿಬರುತ್ತಾಳೆ. ನನಗೆ ಅದರಿಂದ ಬಹಳ ಸಂತೋಷವಾಗಿದೆ. ‘ಹೆಂಗಸರಿಗೆ ಫ್ರೀ ಕೊಟ್ಟು ಬಸ್ಸೆಲ್ಲ ಹಾಳಾಯ್ತು’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಎಪ್ಪತ್ತು ದಾಟಿದ ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಸ್ ಹತ್ತಿ ಊರೂರು ಸುತ್ತುವುದನ್ನು ನನ್ನ ಸರ್ವೀಸಿನ ಮೂವತ್ತೊಂದು ವರ್ಷದಲ್ಲಿ ನಾನು ಕಂಡಿರಲಿಲ್ಲ. ಈಗ ನೋಡುತ್ತಿದ್ದೇನೆ. ಅವರೆಲ್ಲ ಇಷ್ಟು ದಿನ ಮನೆಯಲ್ಲಿ ಕೂತಿದ್ದದ್ದು ಕಾಲಿಗೆ ಶಕ್ತಿಯಿಲ್ಲದೆ ಅಲ್ಲ, ಸೆರಗಿನ ಗಂಟಿನಲ್ಲಿ ಕಾಸಿಲ್ಲದೆ.

ರೈಲಿನಲ್ಲಿ ಏನಾಯಿತು ನೋಡಿ. ಅರವತ್ತು ದಾಟಿದ ಗಂಡಸರಿಗೆ ಶೇ 40, ಐವತ್ತೆಂಟು ದಾಟಿದ ಹೆಂಗಸರಿಗೆ ಶೇ 50 ರಿಯಾಯಿತಿ ಇತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಹೆಸರಿನಲ್ಲಿ ಅದನ್ನು ತೆಗೆದರು. ಕೊರೊನಾ ಹೋಯಿತು, ರಿಯಾಯಿತಿ ಮರಳಿ ಬರಲಿಲ್ಲ. ಅರಸೀಕೆರೆ ದೊಡ್ಡ ಜಂಕ್ಷನ್. ಪ್ಲಾಟ್‌ಫಾರಂನಲ್ಲಿ ಕೂತ ಹಿರಿಯರ ಬಾಯಲ್ಲಿ ಈ ಮಾತು ಇವತ್ತಿಗೂ ಬರುತ್ತದೆ. ನಮ್ಮ ಬಸ್ಸುಗಳು ಅಂಥ ಕೆಲಸ ಮಾಡಲಿಲ್ಲ ಎಂಬ ಅಭಿಮಾನ ನನಗಿದೆ.

ಇನ್ನು ವಿಕಲಚೇತನರ ಪಾಸಿನ ವಿಷಯ. ನಾನು ಬರೆಯಲು ಕೂತದ್ದೇ ಇದಕ್ಕಾಗಿ.

ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವರ್ಷಕ್ಕೆ 660 ರೂಪಾಯಿ ಕಟ್ಟಿ ಬಸ್ ಪಾಸ್ ಮಾಡಿಸಿಕೊಳ್ಳಬಹುದು. ವಾಸಸ್ಥಳದಿಂದ ನೂರು ಕಿಲೋಮೀಟರ್ ವರೆಗೆ ಓಡಾಡಬಹುದು. ಅಂಧರಿಗೆ ಪಾಸ್ ಪೂರ್ತಿ ಉಚಿತ. ಅರ್ಜಿ ಹಾಕುವುದು ಸೇವಾಸಿಂಧು ಮೂಲಕ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್, ಆಧಾರ್, ಒಂದು ಫೋಟೊ ಬೇಕು. ಪಾಸಿನ ಆಯಸ್ಸು ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ನವೀಕರಣಕ್ಕೆ ನೂಕುನುಗ್ಗಲು ಆಗದಿರಲಿ ಎಂದು ಹಳೆಯ ಪಾಸಿಗೇ ಫೆಬ್ರುವರಿ ಕೊನೆಯವರೆಗೆ ಮಾನ್ಯತೆ ಕೊಡುವುದು ರೂಢಿ.

ವರ್ಷಕ್ಕೆ 660 ರೂಪಾಯಿ ಎಂದರೆ ದಿನಕ್ಕೆ ಎರಡು ರೂಪಾಯಿಯೂ ಬೀಳುವುದಿಲ್ಲ ಎಂದು ಲೆಕ್ಕ ಹೇಳುವವರಿದ್ದಾರೆ. ದಿನಾ ಎರಡು ರೂಪಾಯಿ ಕೊಡು ಎಂದರೆ ಯಾರಿಗೂ ಭಾರವಲ್ಲ. ಆದರೆ ಒಂದೇ ಸಲ ಕಟ್ಟಬೇಕು. ವೈಕಲ್ಯ ಶೇ 75ಕ್ಕಿಂತ ಕಡಿಮೆ ಇರುವವರಿಗೆ ಸಿಗುವ ತಿಂಗಳ ಪಿಂಚಣಿ 800 ರೂಪಾಯಿ. ಅದರಲ್ಲಿ ಪಾಸಿಗೆ 660 ತೆಗೆದರೆ, ಅರ್ಜಿ ಹಾಕಿಸಲು, ಜೆರಾಕ್ಸಿಗೆ, ಫೋಟೊಗೆ ಉಳಿದದ್ದೂ ಹೋಗಿ, ಆ ತಿಂಗಳು ಪಿಂಚಣಿ ಬರಲೇ ಇಲ್ಲ ಎಂದುಕೊಳ್ಳಬೇಕು.

ಪ್ರತಿ ವರ್ಷ ಯಾಕೆ ಹೊಸದಾಗಿ ಮಾಡಿಸಬೇಕು? ನಮ್ಮೂರಿನಲ್ಲಿ ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೊ ಬಂದು ಎರಡೂ ಕಾಲು ಹೋದ ಹೆಣ್ಣುಮಗಳೊಬ್ಬಳಿದ್ದಾಳೆ. ಈಗ ಅವಳಿಗೆ ನಲವತ್ತೆಂಟು. ಅವಳ ಯುಡಿಐಡಿ ಕಾರ್ಡಿನಲ್ಲಿಯೇ ವೈಕಲ್ಯ ಶಾಶ್ವತ ಎಂದಿದೆ. ಸರ್ಕಾರದ ಒಂದು ಕಾರ್ಡು ಶಾಶ್ವತ ಎಂದು ಒಪ್ಪಿಕೊಂಡ ಮೇಲೆ ಇನ್ನೊಂದು ಕಾರ್ಡು ವರ್ಷಕ್ಕೊಮ್ಮೆ ಅವಳನ್ನು ಸೇವಾ ಕೇಂದ್ರಕ್ಕೆ ಕರೆಸಬಾರದು. ಶಾಶ್ವತ ವೈಕಲ್ಯ ಇರುವವರಿಗೆ ಐದು ವರ್ಷದ ಪಾಸ್ ಕೊಡಿ. ಶುಲ್ಕವನ್ನು ಬೇಕಾದರೆ ಕಂತಿನಲ್ಲಿ ಕಟ್ಟಿಸಿಕೊಳ್ಳಿ.

ಶಕ್ತಿ ಬಂದ ಮೇಲೆ ಅವಳಿಗೆ ಪಾಸ್ ಬೇಕಿಲ್ಲವಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ‘ಪಾಸ್ ಇದ್ರೆ ಸೀಟ್ ಕೇಳಾಕೆ ಧೈರ್ಯ ಇರ್ತದೆ ಅಣ್ಣ. ಬರೀ ಹೆಂಗ್ಸು ಅಂತ ಹತ್ತಿದ್ರೆ ಎಲ್ರ ಜೊತೆ ನೂಕಾಡ್ಬೇಕು’ ಅಂದಳು. ಆ ಪಾಸನ್ನು ಅವಳು ಇಟ್ಟುಕೊಂಡಿರುವ ರೀತಿ ನೋಡಬೇಕು. ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ, ಒಂದು ಬದಿ ಹೊಲಿದು ಚೀಲ ಮಾಡಿ, ಅದರೊಳಗೆ ಪಾಸು, ಯುಡಿಐಡಿ ಕಾರ್ಡು ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ಇಟ್ಟಿದ್ದಾಳೆ. ಚೀಲಕ್ಕೆ ದಾರ. ದಾರ ಕೊರಳಲ್ಲಿ. ಬಸ್ ಹತ್ತಲು ಎರಡು ಕೈಯೂ ಬೇಕು, ಕಾರ್ಡ್ ತೋರಿಸಲು ಮೂರನೆಯ ಕೈ ಇಲ್ಲ, ಅದಕ್ಕೆ ಹೀಗೆ. ಅವಳು ಫುಟ್‌ಬೋರ್ಡಿನ ಮೊದಲ ಮೆಟ್ಟಿಲ ಮೇಲೆ ಹಿಮ್ಮುಖವಾಗಿ ಕೂರುತ್ತಾಳೆ. ಎರಡೂ ಅಂಗೈ ಮೇಲಿನ ಮೆಟ್ಟಿಲಿಗೆ ಊರಿ ಮೈಯನ್ನು ಎತ್ತಿ ಅಲ್ಲಿ ಕೂರುತ್ತಾಳೆ. ಮತ್ತೆ ಅಂಗೈ, ಮತ್ತೆ ಒಂದು ಮೆಟ್ಟಿಲು. ಮೂರನೆಯದರ ಮೇಲೆ ಬಂದಾಗ ಸೀಟಿನ ಕಾಲು ಹಿಡಿದು ಒಳಗೆ ಸರಿಯುತ್ತಾಳೆ. ಮಳೆಗಾಲದಲ್ಲಿ ಆ ಮೆಟ್ಟಿಲುಗಳ ಮೇಲೆ ನಮ್ಮೆಲ್ಲರ ಚಪ್ಪಲಿಯ ಕೆಸರಿರುತ್ತದೆ. ಸೆರಗಿನಲ್ಲಿ ಕೈ ಒರೆಸಿಕೊಂಡು ಕೊರಳಿನ ಚೀಲ ಎತ್ತಿ ತೋರಿಸುತ್ತಾಳೆ. ನಾನು ಗಡಿಯಾರ ನೋಡಿದ್ದೇನೆ. ಯಾರೂ ಅವಸರ ಮಾಡದಿದ್ದರೆ ಅವಳಿಗೆ ಬೇಕಾಗುವುದು ಮೂವತ್ತೈದು ಸೆಕೆಂಡು. ಯಾರಾದರೂ ‘ಬೇಗ ಬೇಗ’ ಎಂದು ಕೂಗಿದರೆ ಕೈ ನಡುಗಿ ಒಂದು ನಿಮಿಷ ಹಿಡಿಯುತ್ತದೆ.

ಗಡಿಯಾರ ನೋಡುವ ಅಭ್ಯಾಸ ನನಗೆ ಬಂದದ್ದು ಹೇಗೆಂದು ಹೇಳುತ್ತೇನೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ನನ್ನದು ಬೆಳಗಿನ ರೂಟು. 38 ಕಿಲೋಮೀಟರ್, 22 ಸ್ಟಾಪು, ಒಂದು ಗಂಟೆ ಹತ್ತು ನಿಮಿಷದ ರನ್ನಿಂಗ್ ಟೈಮ್. ಒಂದು ಸ್ಟಾಪಿನಲ್ಲಿ ಊರುಗೋಲಿನವರೊಬ್ಬರು ದಿನಾ ಹತ್ತುತ್ತಿದ್ದರು. ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವ ಕೆಲಸ ಅವರದು. ಅವರ ಕ್ರಮ ಹೀಗಿತ್ತು: ಮೊದಲು ಬ್ಯಾಗು ಒಳಗೆ, ಆಮೇಲೆ ಎಡಗಡೆಯ ಊರುಗೋಲು ಮೆಟ್ಟಿಲ ಮೇಲೆ, ಎಡಗೈ ಕಂಬಿಗೆ, ಬಲ ಊರುಗೋಲನ್ನು ನೆಲಕ್ಕೆ ಒತ್ತಿ ಮೈ ಮೇಲಕ್ಕೆ. ಕೊನೆಗೆ ಬಲ ಊರುಗೋಲನ್ನು ಎಳೆದುಕೊಳ್ಳುವುದು. ಅವತ್ತು ಹಿಂದಿನ ಸ್ಟಾಪಿನಲ್ಲೇ ಹತ್ತು ನಿಮಿಷ ಲೇಟಾಗಿತ್ತು. ಮುಂದೆ ತಪಾಸಣೆಯವರು ನಿಂತಿದ್ದಾರೆ ಎಂದು ಎದುರಿನಿಂದ ಬಂದ ಬಸ್ಸಿನವರು ಸನ್ನೆ ಮಾಡಿ ಹೋಗಿದ್ದರು. ಇನ್ನೂ ಐದಾರು ಟಿಕೆಟ್ ಬಾಕಿ. ನಾನು ಬಸ್ಸಿನ ಮಧ್ಯೆ ಟಿಕೆಟ್ ಹರಿಯುತ್ತಿದ್ದವನು ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿದೆ. ಅವರ ತಲೆ ಒಳಗೆ ಕಂಡಿತು. ಎರಡು ವಿಷಲ್ ಊದಿದೆ. ಬಸ್ ಹೊರಟಿತು.

ಅವರ ಮೈ ಒಳಗಿತ್ತು. ಬಲ ಊರುಗೋಲು ಇನ್ನೂ ನೆಲದ ಮೇಲಿತ್ತು.

‘ಹೋಲ್ಡಾನ್! ಹೋಲ್ಡಾನ್!’ ಎಂದು ಇಡೀ ಬಸ್ ಕೂಗಿತು. ಬಾಗಿಲ ಹತ್ತಿರದ ಸೀಟಿನಲ್ಲಿದ್ದ ಮುದುಕಿಯೊಬ್ಬಳು ಅವರ ಅಂಗಿಯನ್ನು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳು ಹಿಡಿಯದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸಲಾರೆ. ಇಳಿದು ನೋಡಿದರೆ ಊರುಗೋಲು ಹಿಂದಿನ ಚಕ್ರಕ್ಕೆ ಸಿಕ್ಕಿ ಎರಡು ತುಂಡಾಗಿತ್ತು. ಕಂಕುಳಿಗೆ ಒತ್ತದಿರಲಿ ಎಂದು ಅದರ ತುದಿಗೆ ಹಳೆಯ ಟವೆಲ್ ಸುತ್ತಿ ದಾರದಿಂದ ಬಿಗಿದಿದ್ದರು. ಆ ಟವೆಲ್ ಸುತ್ತಿದ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ನಾನು ರಸ್ತೆಯಲ್ಲಿ ನಿಂತಿದ್ದೆ. ಅವರು ಬೈಯಲಿಲ್ಲ. ‘ನಾನು ಹತ್ತಿದ್ಮೇಲೆ ಊದ್ರಿ ಸಾರ್’ ಎಂದರು. ಹೊಸ ಊರುಗೋಲು ಕೊಡಿಸಿದೆ. ತೆಗೆದುಕೊಂಡರು. ಮರುದಿನದಿಂದ ಮತ್ತೆ ಅದೇ ಬಸ್ಸಿಗೆ ಬಂದರು, ಯಾಕೆಂದರೆ ಆ ದಾರಿಗೆ ಬೇರೆ ಬಸ್ ಇರಲಿಲ್ಲ.

ಅವತ್ತಿನಿಂದ ಅವರು ಹತ್ತುವಾಗ ನಾನು ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದೆ, ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಮೂವತ್ತರ ಒಳಗೆ ಮುಗಿಯುತ್ತಿತ್ತು. ಅಲ್ಲಿಯವರೆಗೆ ನಾನು ಅವರಿಗೆ ಕೊಡದೆ ಉಳಿಸಿಕೊಂಡದ್ದು ಅರ್ಧ ನಿಮಿಷ.

ಇದನ್ನು ಓದಿ ‘ಕಂಡಕ್ಟರುಗಳು ಸ್ವಲ್ಪ ಮಾನವೀಯತೆ ಕಲಿಯಬೇಕು’ ಎಂದು ಯಾರೂ ಪತ್ರ ಬರೆಯಬೇಡಿ. ಮಾನವೀಯತೆ ಇರುವ ಕಂಡಕ್ಟರುಗಳು, ಡ್ರೈವರುಗಳು ಬೇಕಾದಷ್ಟು ಜನ ಇದ್ದಾರೆ. ಸೀಟು ಬಿಡಿಸಿಕೊಡುವವರು, ಕೈಹಿಡಿದು ಇಳಿಸಿ ರಸ್ತೆ ದಾಟಿಸಿ ಬರುವವರು ನನ್ನ ಜೊತೆಯಲ್ಲೇ ಕೆಲಸ ಮಾಡಿದ್ದಾರೆ. ಅವರಿಗೆ ಇಲ್ಲದ್ದು ಸಮಯ. ಒಂದು ರೂಟಿಗೆ ರನ್ನಿಂಗ್ ಟೈಮ್ ಹಾಕುವಾಗ ಕಿಲೋಮೀಟರ್ ನೋಡುತ್ತಾರೆ, ರಸ್ತೆ ನೋಡುತ್ತಾರೆ, ಸ್ಟಾಪು ನೋಡುತ್ತಾರೆ. ಯಾರು ಹತ್ತುತ್ತಾರೆ ಎಂದು ನೋಡುವುದನ್ನು ನಾನು ಕಾಣಲಿಲ್ಲ. ಇಪ್ಪತ್ತು ವರ್ಷದ ಹುಡುಗ ಓಡುವ ಬಸ್ಸಿಗೆ ಹಾರಿ ಹತ್ತುತ್ತಾನೆ, ಅವನಿಗೆ ಎರಡು ಸೆಕೆಂಡು. ಆ ಲೆಕ್ಕದಲ್ಲಿ ಟೈಮ್ ಹಾಕಿದರೆ, ಮುದುಕರನ್ನು ಕಾಯ್ದ ಪ್ರತಿ ಅರ್ಧ ನಿಮಿಷವನ್ನೂ ಕಂಡಕ್ಟರ್ ತನ್ನ ಊಟದ ಹೊತ್ತಿನಿಂದ ತೆಗೆದುಕೊಡಬೇಕು, ಡ್ರೈವರ್ ಅದನ್ನು ತಿರುವಿನಲ್ಲಿ ವೇಗ ಹೆಚ್ಚಿಸಿ ತುಂಬಬೇಕು. ಲೇಟಾದರೆ ಟ್ರಾಫಿಕ್ ಕಂಟ್ರೋಲರ್ ಮುಂದೆ ಉತ್ತರ ಕೊಡಬೇಕಾದವರು ಅವರೇ.

ನನ್ನ ಹಳೆಯ ರೂಟಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಒಂದು ಟ್ರಿಪ್ಪಿನಲ್ಲಿ ನಿಜವಾಗಿ ಹತ್ತಲು ಇಳಿಯಲು ಕಷ್ಟಪಡುವವರು ಐದು ಜನ ಎಂದುಕೊಳ್ಳೋಣ. ಹತ್ತುವಾಗ ಅರ್ಧ ನಿಮಿಷ, ಇಳಿಯುವಾಗ ಅರ್ಧ ನಿಮಿಷ. ಒಟ್ಟು ಐದು ನಿಮಿಷ. ಒಂದು ಗಂಟೆ ಹತ್ತು ನಿಮಿಷದ ಓಟ ಒಂದು ಗಂಟೆ ಹದಿನೈದು ನಿಮಿಷವಾಗುತ್ತದೆ. ಇದಕ್ಕೆ ಖರ್ಚಿಲ್ಲ ಎಂದು ನಾನು ಹೇಳುವುದಿಲ್ಲ. ದಿನಕ್ಕೆ ಆರು ಟ್ರಿಪ್ ಓಡುವ ಬಸ್ಸಿಗೆ ಅರ್ಧ ಗಂಟೆ ಹೆಚ್ಚಾಗುತ್ತದೆ, ಕೆಲವು ಕಡೆ ಒಂದು ಟ್ರಿಪ್ಪಿಗೆ ಕತ್ತರಿ ಬೀಳಬಹುದು, ಬಸ್ಸು ಸಿಬ್ಬಂದಿ ಹೆಚ್ಚಿಗೆ ಬೇಕಾಗಬಹುದು. ಅದನ್ನು ಸರ್ಕಾರ ಕೊಡಬೇಕು. ಪಾಸಿನ ಹಣ ತುಂಬಿಕೊಡುವ ಸರ್ಕಾರ ಪಾಸ್ ಬಳಸಲು ಬೇಕಾದ ನಿಮಿಷಗಳನ್ನೂ ತುಂಬಿಕೊಡಲಿ. ಇಲ್ಲದಿದ್ದರೆ ಜನ ಪಾಸ್ ಕೊರಳಲ್ಲಿ ಹಾಕಿಕೊಂಡು ರಸ್ತೆಯಲ್ಲೇ ನಿಂತಿರುತ್ತಾರೆ.

ರಸ್ತೆಯಲ್ಲಿ ನಿಲ್ಲುವುದೆಂದರೇನು ಎಂದು ಈಗ ನನಗೆ ಗೊತ್ತಾಗಿದೆ. ಕಳೆದ ಆಷಾಢದಲ್ಲಿ ನಾನೂ ನನ್ನಷ್ಟೇ ವಯಸ್ಸಿನ ಇನ್ನಿಬ್ಬರೂ ಕೈ ತೋರಿಸಿಕೊಂಡು ನಿಂತಿದ್ದೆವು. ಒಂದು ಬಸ್ ಬಂತು, ವೇಗ ಇಳಿಸಿತು, ನಿಂತವರು ಯಾರೆಂದು ನೋಡಿತು, ಹೋಯಿತು. ಸೀಟುಗಳು ಖಾಲಿಯಿದ್ದವು. ಇನ್ನೊಂದು ನಿಂತಿತು, ಆದರೆ ತಂಗುದಾಣ ದಾಟಿ ಐವತ್ತು ಹೆಜ್ಜೆ ಮುಂದೆ. ಐವತ್ತು ಹೆಜ್ಜೆ ಓಡಲು ಆಗದವರಿಗೆ ನಿಂತ ಬಸ್ಸೂ ಒಂದೇ, ನಿಲ್ಲದ ಬಸ್ಸೂ ಒಂದೇ. ನಮ್ಮ ತಂಗುದಾಣದ ಕಟ್ಟೆ ನೆಲದಿಂದ ಒಂದು ಅಡಿ ಎತ್ತರವಿದೆ. ಬಸ್ ಆ ಕಟ್ಟೆಗೆ ಒತ್ತಿ ನಿಂತರೆ ನನ್ನ ಮಂಡಿಗೆ ಮೊದಲ ಮೆಟ್ಟಿಲು ಮೆಟ್ಟಿಲೇ ಅಲ್ಲ. ರಸ್ತೆಯ ಮಧ್ಯೆ ನಿಂತರೆ ಅದು ಮೊಣಕಾಲೆತ್ತರ.

ಕಣ್ಣಿಗೆ ಕಾಣದ ವೈಕಲ್ಯದ ಕಷ್ಟ ಇನ್ನೂ ಬೇರೆ. ನಮ್ಮ ಪಕ್ಕದ ಬೀದಿಯ ಹುಡುಗನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಗಟ್ಟಿಮುಟ್ಟಾಗಿದ್ದಾನೆ, ತಿಪಟೂರಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. ಅವನು ಪಾಸ್ ತೋರಿಸಿದರೆ ಮೊದಲು ಕಾಲು ನೋಡುತ್ತಾರೆ, ಆಮೇಲೆ ಕೈ ನೋಡುತ್ತಾರೆ, ಆಮೇಲೆ ಮುಖ ನೋಡಿ ಏನೋ ಕೇಳುತ್ತಾರೆ. ಅವನಿಗೆ ಕೇಳಿಸುವುದಿಲ್ಲ. ಉತ್ತರ ಬರಲಿಲ್ಲವೆಂದು ದನಿ ಏರಿಸುತ್ತಾರೆ. ಇಡೀ ಬಸ್ ತಿರುಗಿ ನೋಡುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಅವುಗಳಲ್ಲಿ ಬಹಳಷ್ಟು ಬಸ್ಸಿನ ಬಾಗಿಲಲ್ಲಿ ಕಣ್ಣಿಗೆ ಬೀಳುವಂಥವಲ್ಲ. ಕಾರ್ಡಿನಲ್ಲಿ ಬರೆದದ್ದನ್ನು ಓದಿದರೆ ಸಾಕು, ಮನುಷ್ಯನ ಮೈ ಓದಬೇಕಾಗಿಲ್ಲ. ಅದೇ ಕಾಯ್ದೆಯ 41ನೇ ಕಲಂ ಸಾರಿಗೆ ಎಲ್ಲರಿಗೂ ಎಟಕುವಂತೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಇಟ್ಟಿದೆ. ಹೊಣೆ ಎಂದಮೇಲೆ ಅದು ದಯೆಯ ಮಾತಲ್ಲ.

ಕರಾವಳಿಯವರು ಇದನ್ನು ಓದಿ ‘ನಿಮಗೆ ಸರ್ಕಾರಿ ಬಸ್ಸಾದರೂ ಇದೆ’ ಎನ್ನುತ್ತಾರೆ, ಗೊತ್ತು. ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ರೂಟುಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ. ಅಲ್ಲಿ ಸರ್ಕಾರಿ ಪಾಸೂ ನಡೆಯುವುದಿಲ್ಲ, ಶಕ್ತಿಯೂ ಇಲ್ಲ. ಆ ಜಿಲ್ಲೆಗಳ ಹಿರಿಯರಿಗೆ, ವಿಕಲಚೇತನರಿಗೆ ಏನು ಮಾಡಬೇಕೆಂದು ಅಲ್ಲಿಯ ಬಸ್ ಮಾಲೀಕರನ್ನು ಕೂರಿಸಿಕೊಂಡು ಸರ್ಕಾರ ಮಾತಾಡಬೇಕು. ಒಂದೇ ರಾಜ್ಯದ ಕಾರ್ಡು ಘಟ್ಟ ಇಳಿದ ಕೂಡಲೇ ಬರೀ ಪ್ಲಾಸ್ಟಿಕ್ ಆಗಬಾರದು.

ಸಾರಿಗೆ ಸಚಿವರಲ್ಲಿ, ನಾಲ್ಕೂ ನಿಗಮಗಳಲ್ಲಿ ವೇಳಾಪಟ್ಟಿ ಹಾಕುವ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಹಳ್ಳಿಯ ರೂಟಿಗೆ ರನ್ನಿಂಗ್ ಟೈಮ್ ಬರೆಯುವ ಮೊದಲು ಒಬ್ಬರು ಆ ಬಸ್ಸಿನಲ್ಲಿ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಬಾಗಿಲ ಹತ್ತಿರ ಕೂತು, ಕೈಗಡಿಯಾರ ನೋಡಿಕೊಂಡು, ಹತ್ತುವವರನ್ನು ಇಳಿಯುವವರನ್ನು ಎಣಿಸಲಿ. ಅಲ್ಲಿ ಸಿಕ್ಕ ನಿಮಿಷಗಳನ್ನು ಟೈಮ್‌ಶೀಟಿನಲ್ಲಿ ಬರೆದುಕೊಡಲಿ. ಈಗ ಕೆಲಸದಲ್ಲಿರುವ ನನ್ನ ತಮ್ಮಂದಿರಲ್ಲಿ, ತಂಗಿಯರಲ್ಲಿ ಇನ್ನೊಂದು ಮಾತು: ಎರಡನೆಯ ವಿಷಲ್ ಊದುವ ಮೊದಲು ತಲೆ ಒಳಗೆ ಬಂತೇ ಎಂದು ನೋಡಬೇಡಿ, ಊರುಗೋಲು ಒಳಗೆ ಬಂತೇ ಎಂದು ನೋಡಿ.